ಗ್ರಾನೈಟ್ ಪಟ್ಟಿ ಕೀಳಲು ಸ್ಲ್ಯಾಬ್ ಒಡೆಯಬೇಕಾಗಿಲ್ಲ

ಮಾನ್ಯರೇ,

ಮಳೆಗಾಲ ಮುಗಿಯಿತೆಂದರೆ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಅಡುಗೆಮನೆ ರಿಪೇರಿ ಶುರು. ಒಲೆಯಿಡುವ ಗ್ರಾನೈಟ್ ಸ್ಲ್ಯಾಬಿನ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿದ ಗ್ರಾನೈಟ್ ಪಟ್ಟಿಯ ಹಿಂದೆ ನೀರಿಳಿದು ಗೋಡೆ ಬೂಷ್ಟು ಹಿಡಿದಿರುತ್ತದೆ. ಪಟ್ಟಿ ಕಿತ್ತು ಹೊಸ ಟೈಲ್ಸ್ ಹಾಕಿಸುವುದು ಸರಿಯೇ. ಆದರೆ ಕೀಳುವ ಅವಸರದಲ್ಲಿ ಗಟ್ಟಿಮುಟ್ಟಾದ ಸ್ಲ್ಯಾಬನ್ನೂ ಸೀಳಿಬಿಡುವುದು ನಮ್ಮೂರುಗಳಲ್ಲಿ ಮಾಮೂಲಾಗಿದೆ. ಇದು ತಪ್ಪಿಸಬಹುದಾದ ನಷ್ಟ.

ಪಟ್ಟಿ ಸ್ಲ್ಯಾಬಿನ ಮೇಲೆ ಕೂತಿದೆಯೋ, ಹಿಂದಿನಿಂದ ಕೆಳಗಿಳಿದಿದೆಯೋ ಎಂದು ಮೊದಲು ತುದಿಯಲ್ಲಿ ಬಗ್ಗಿ ನೋಡಬೇಕು. ಕೆಳಗಿಳಿದಿದ್ದರೆ ಕೀಳುವ ಯೋಚನೆ ಬೇಡ. ಮೇಲೆ ಕೂತಿದ್ದರೆ ಧೈರ್ಯವಾಗಿ ಕೈ ಹಾಕಬಹುದು. ಗ್ಯಾಸ್ ರೆಗ್ಯುಲೇಟರ್ ತೆಗೆದು, ಮಿಕ್ಸಿ ಸಾಕೆಟ್ಟಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ನಲ್ಲಿಯ ವಾಲ್ವ್ ಮುಚ್ಚಿದ ಮೇಲೆಯೇ ಕೆಲಸ. ಸಾಕೆಟ್ ಮತ್ತು ನಲ್ಲಿಯ ನೇರಕ್ಕೆ ಗೋಡೆಯೊಳಗೆ ಪೈಪ್ ಇದೆಯೆಂದೇ ತಿಳಿದು ಅಲ್ಲಿ ಉಳಿ ಆಡಿಸಬಾರದು.

ಪಟ್ಟಿಯ ದಪ್ಪ ಸಾಮಾನ್ಯವಾಗಿ 18ರಿಂದ 20 ಮಿ.ಮೀ. ಅಡಿಯ ಸಂದನ್ನು ಅಷ್ಟೂ ಆಳಕ್ಕೆ ಬಿಡಿಸಬೇಕು. ಬಿಳಿ ಸಿಮೆಂಟಾದರೆ ಹಿಡಿಯುವ ಕಡೆ ಬಟ್ಟೆ ಸುತ್ತಿದ ಹ್ಯಾಕ್ಸಾ ಬ್ಲೇಡ್, ಸಿಲಿಕೋನಾದರೆ ತೆಳು ಕಟರ್ ಬ್ಲೇಡ್. ಮೇಲ್ಮೇಲೆ ಮಾತ್ರ ಕೆರೆದು ಬಿಟ್ಟರೆ ಒಳಗುಳಿದ ಅಂಟು ಸ್ಲ್ಯಾಬಿನ ಪಾಲಿಷನ್ನು ಚಕ್ಕೆಯಾಗಿ ಎತ್ತಿಕೊಂಡು ಬರುತ್ತದೆ. ಮೇಲೆ ಟೈಲ್ಸ್ ಇದ್ದರೆ ಕೆಳಗಿನ ಒಂದು ಸಾಲನ್ನು ಮೊದಲೇ ತೆಗೆಯಿರಿ, ಹೇಗೂ ಬದಲಾಗುವಂಥದ್ದು.

ಬಳಿಕ ಬಿಡಿ ತುದಿಯಿಂದ ಹಿಡಿದು ಪಟ್ಟಿ ಮತ್ತು ಗಾರೆಯ ನಡುವೆ ಅಗಲದ ಪುಟ್ಟಿ ಬ್ಲೇಡನ್ನು ಮೆಲ್ಲಗೆ ತಟ್ಟಿ ಇಳಿಸಿ. ಎರಡು ಮೂರು ಮಿ.ಮೀ. ಬಾಯಿ ಬಿಟ್ಟೊಡನೆ ಒಂದು ಬೆಣೆ. ಅಡಕೆ ಮರದ ಸಲಾಕೆಯನ್ನು ಸೀಳಿ ಮಾಡಿದ ಬೆಣೆ ಇದಕ್ಕೆ ಹೇಳಿ ಮಾಡಿಸಿದ್ದು: ಗಟ್ಟಿಯಿದೆ, ಕಲ್ಲಿಗೆ ಗೀರು ಬೀಳುವುದಿಲ್ಲ. ಅರ್ಧ ಅಡಿಗೊಂದರಂತೆ ಬೆಣೆ ಕೊಡುತ್ತ ಹೋಗಿ, ಮರಳಿ ಬಂದು ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಒಂದೇ ಕಡೆ ಜೋರು ಮಾಡಿದರೆ ಪಟ್ಟಿ ನಡುವೆ ತುಂಡಾಗುತ್ತದೆ. ಹಾರೆ ಹಾಕಲೇಬೇಕಾದರೆ ಗೋಡೆಗೆ ಹಲಗೆ ತುಂಡು ಕೊಡಿ. ಪಟ್ಟಿಯಡಿಗೆ ತೂರಿಸಿ ಸ್ಲ್ಯಾಬಿನ ಮೇಲೆ ಊರಿ ಮೀಟುವುದಂತೂ ಕೂಡದು.

ಸ್ಲ್ಯಾಬ್ ಸೀಳುವುದು ಹೆಚ್ಚಾಗಿ ಸಿಂಕಿನ ಹಿಂದೆ. ಅಲ್ಲಿ ಉಳಿದಿರುವ ಕಲ್ಲು ಎರಡು ಮೂರು ಇಂಚು ಅಗಲದ್ದು, ಎಷ್ಟೋ ಕಡೆ ಅಡಿಯಲ್ಲಿ ಆಸರೆಯೂ ಇರುವುದಿಲ್ಲ. ಗ್ರಾನೈಟ್ ಭಾರ ಹೊರುತ್ತದೆ, ಬಾಗುವುದನ್ನು ತಾಳದು. ಸುತ್ತಿಗೆಯ ಕಂಪನಕ್ಕೆ ಸಿಂಕ್ ಕೊರೆದ ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಕೆಳಗಿನಿಂದ ಮರದ ಊರೆಗೋಲು ಕೊಟ್ಟು ಅಲ್ಲಿ ಬರೀ ಬೆಣೆಯಿಂದಲೇ ಬಿಡಿಸಿ. ಎಂಟಡಿ ಉದ್ದ, ಆರಿಂಚು ಎತ್ತರದ ಪಟ್ಟಿ ಸುಮಾರು 18 ಕಿಲೋ ತೂಗುತ್ತದೆ. ಕಳಚುವ ಹೊತ್ತಿಗೆ ಇಬ್ಬರು ಹಿಡಿದಿರಬೇಕು.

ಬೇಗ ಮುಗಿಯಲೆಂದು ಮುಚ್ಚಿದ ಕೋಣೆಯಲ್ಲಿ ಕಲ್ಲು ಕೊಯ್ಯುವ ಗ್ರೈಂಡರನ್ನು ನೀರಿಲ್ಲದೆ ತಿರುಗಿಸುವವರಿದ್ದಾರೆ. ದಯವಿಟ್ಟು ಬೇಡ. ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್ ಗುಣವಾಗುವ ಕಾಯಿಲೆಯಲ್ಲ, ಮುಖಕ್ಕೆ ಕಟ್ಟಿದ ಬೈರಾಸು ಅದನ್ನು ತಡೆಯುವುದೂ ಇಲ್ಲ. ಕತ್ತರಿಸಲೇಬೇಕೆಂದರೆ ನೀರು ಬಿಡುತ್ತ ಕತ್ತರಿಸುವ ಯಂತ್ರ, ಎನ್95 ಮಾಸ್ಕ್, ತೆರೆದ ಕಿಟಕಿ ಮೂರೂ ಇರಲಿ. ಕೂಲಿ ಕೊಡುವ ಮನೆಯವರೇ ಇದನ್ನು ಪಟ್ಟು ಹಿಡಿದು ಕೇಳಬೇಕು.

ಪಟ್ಟಿಯ ಜತೆ ಗಾರೆಯೂ ಉದುರಿ ಕೆಂಪುಕಲ್ಲು ಕಾಣಿಸುತ್ತದೆ. ಅದನ್ನು ಚೆನ್ನಾಗಿ ನೆನೆಸಿಯೇ 1:4 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಮೆತ್ತಬೇಕು. ಒಣಗಿದ ಕೆಂಪುಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಟ್ಟು ಗಾರೆ ಟೊಳ್ಳಾಗುತ್ತದೆ. ಏಳು ದಿನ ನೀರುಣಿಸಿ. ಹೊಸ ಟೈಲ್ಸಿಗೂ ಸ್ಲ್ಯಾಬಿಗೂ ನಡುವೆ 3 ಮಿ.ಮೀ. ಸಂದು ಬಿಟ್ಟು ಬೂಷ್ಟು ಹಿಡಿಯದ ಸಿಲಿಕೋನ್ ತುಂಬಬೇಕೇ ಹೊರತು ಬಿಳಿ ಸಿಮೆಂಟಲ್ಲ. ಗೋಡೆ, ಸ್ಲ್ಯಾಬ್ ಬೇರೆ ಬೇರೆಯಾಗಿ ಅಲುಗುವುದರಿಂದ ಸಿಮೆಂಟ್ ಬಿರುಕು ಬಿಟ್ಟು ನೀರು ಮತ್ತೆ ಒಳಗಿಳಿಯುತ್ತದೆ. ತುಂಬಿದ ಮೇಲೆ ಒಂದು ದಿನ ಅಲ್ಲಿಗೆ ನೀರು ತಾಗಿಸಬಾರದು.

– ಒಬ್ಬ ಟೈಲ್ಸ್ ಮೇಸ್ತ್ರಿ, ಬದಿಯಡ್ಕ, ಕಾಸರಗೋಡು ಜಿಲ್ಲೆ