ಹುಟ್ಟುಗುರುತು ನೋಡಿಯೇ ಸಿಂಹದ ಯೋಗ್ಯತೆ ಅಳೆಯಬೇಕೆ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮಕ್ಕಳ ಪುರವಣಿಯಲ್ಲಿ ವಾರವಾರವೂ ಪ್ರಕಟವಾಗುತ್ತಿರುವ ಸಿಂಹಗಳ ಧಾರಾವಾಹಿಯನ್ನು ನಮ್ಮ ಶಾಲೆಯ ಮಕ್ಕಳು ಕಾದು ಓದುತ್ತಾರೆ. ಮೈಮೇಲೆ ಮಾಂತ್ರಿಕ ಗುರುತುಗಳಿರುವ ಸಿಂಹಗಳ ಒಂದು ಕುಲವನ್ನೇ ಲೇಖಕರು ಅದರಲ್ಲಿ ಕಲ್ಪಿಸಿದ್ದಾರೆ. ಭುಜದ ಮೇಲೆ ಜ್ವಾಲೆಯ ಗುರುತಿರುವ ಸಿಂಹ ಬೆಂಕಿಯನ್ನು ಆಳುತ್ತದೆ, ಪಕ್ಕೆಯಲ್ಲಿ ಅಲೆಯ ಗುರುತಿರುವುದು ಹರಿಯುವ ನದಿಯನ್ನು ತಡೆದು ನಿಲ್ಲಿಸುತ್ತದೆ, ಹಣೆಯಲ್ಲಿ ಅರ್ಧಚಂದ್ರವನ್ನು ಹೊತ್ತು ಹುಟ್ಟಿದ ಮರಿ ಮುಂದೆ ರಾಜನಾಗುತ್ತದೆ. ಕಲ್ಪನೆ ಸೊಗಸಾಗಿದೆ, ಭಾಷೆಯೂ ಚೆನ್ನಾಗಿದೆ. ಆದರೆ ಗುರುತಿಲ್ಲದೆ ಹುಟ್ಟಿದ ಮರಿಗಳು ಬೇಟೆಯಲ್ಲಿ ಹಿಂದೆ ನಿಲ್ಲಬೇಕು, ಬೇರೆಯವರು ತಿಂದು ಬಿಟ್ಟದ್ದನ್ನು ತಿನ್ನಬೇಕು, ಗುರುತುಳ್ಳವರ ಗವಿ ಕಾಯಬೇಕು ಎಂಬ ನಿಯಮವನ್ನು ಕಥೆ ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡು ಮುಂದುವರಿಯುತ್ತಿರುವುದು ನನಗೆ ಕಳವಳ ತಂದಿದೆ.

ಇತ್ತೀಚೆಗೆ ಐದನೆಯ ತರಗತಿಯ ಮಕ್ಕಳು ಚಿತ್ರಕಲೆಯ ಅವಧಿಯಲ್ಲಿ ಈ ಸಿಂಹಗಳನ್ನೇ ಬಿಡಿಸುತ್ತಿದ್ದರು. ಕ್ರೇಯಾನ್ ಒತ್ತಿ ಒತ್ತಿ ಹಚ್ಚಿದ ಜ್ವಾಲೆಗಳ ನಡುವೆ, ಒಬ್ಬ ಹುಡುಗಿ ತನ್ನ ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಸಿಂಹವನ್ನು ಬರಿಯ ಪೆನ್ಸಿಲಿನಲ್ಲಿ ಬಿಡಿಸಿ ಬಣ್ಣವಿಲ್ಲದೆ ಬಿಟ್ಟಿದ್ದಳು. ಯಾಕೆಂದು ಕೇಳಿದಾಗ, "ಅದಕ್ಕೆ ಗುರುತಿಲ್ಲ ಮಿಸ್, ಅದು ಬರೀ ಕೆಲಸದ್ದು" ಎಂದಳು. ಅವಳ ಮಾತಿನಲ್ಲಿ ಬೇಸರವಾಗಲಿ ಪ್ರಶ್ನೆಯಾಗಲಿ ಇರಲಿಲ್ಲ. ಕಥೆ ಹೇಳಿಕೊಟ್ಟದ್ದನ್ನು ಅವಳು ಸರಿಯಾಗಿಯೇ ಕಲಿತಿದ್ದಳು.

ನಿಜವಾದ ಸಿಂಹಗಳ ಮೈಮೇಲಿನ ಗುರುತುಗಳನ್ನು ಗಮನಿಸಿದರೆ ಇಂಥ ನಿಯಮಕ್ಕೆ ಅಲ್ಲಿ ಆಧಾರವೇ ಸಿಗುವುದಿಲ್ಲ. ಸಿಂಹದ ಮರಿಗಳೆಲ್ಲ ಮೈತುಂಬ ಚುಕ್ಕೆ ಹೊತ್ತೇ ಹುಟ್ಟುತ್ತವೆ; ಬೆಳೆಯುತ್ತಾ ಹೋದಂತೆ ಅವು ಮಾಸುತ್ತವೆ, ಕೆಲವು ಸಿಂಹಗಳಲ್ಲಿ, ಹೆಚ್ಚಾಗಿ ಸಿಂಹಿಣಿಗಳಲ್ಲಿ, ಹೊಟ್ಟೆ ಮತ್ತು ಕಾಲುಗಳ ಮೇಲೆ ಮಸುಕಾಗಿ ಉಳಿಯುತ್ತವೆ. ಬದುಕಿನುದ್ದಕ್ಕೂ ಬದಲಾಗದ ಗುರುತೆಂದರೆ ಮೀಸೆಯ ಬುಡದಲ್ಲಿ ಸಾಲಾಗಿರುವ ಕಪ್ಪು ಚುಕ್ಕೆಗಳು. ಮೇಲಿನ ಸಾಲಿನ ಚುಕ್ಕೆಗಳು ಅದರ ಕೆಳಗಿನ ಸಾಲಿನ ಯಾವ ಯಾವ ಚುಕ್ಕೆಗಳ ಮೇಲೆ ಬರುತ್ತವೆ ಎಂಬುದು ಒಂದೊಂದು ಸಿಂಹದಲ್ಲಿ ಒಂದೊಂದು ಬಗೆ, ಎಡಗೆನ್ನೆಯಲ್ಲಿ ಇದ್ದಂತೆ ಬಲಗೆನ್ನೆಯಲ್ಲಿ ಇರುವುದಿಲ್ಲ. ಕೀನ್ಯಾದಲ್ಲಿ ಸಿಂಹಗಳನ್ನು ಅಧ್ಯಯನ ಮಾಡಿದ ಪೆನಿಕ್ವಿಕ್ ಮತ್ತು ರುಡ್ನೈ 1970ರಲ್ಲಿ ಈ ಚುಕ್ಕೆಗಳಿಂದ ಒಂದೊಂದು ಸಿಂಹವನ್ನೂ ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಗುಜರಾತಿನ ಗಿರ್ ಸಿಂಹಗಳನ್ನೂ ಸಂಶೋಧಕರು ಹೀಗೆಯೇ ಒಂದರಿಂದ ಒಂದನ್ನು ಬೇರೆ ಮಾಡಿ ಗುರುತಿಸುತ್ತಾರೆ. ಈ ಚುಕ್ಕೆಗಳಿಂದ ಸಿಂಹ ಯಾವುದೆಂದು ತಿಳಿಯುತ್ತದೆ, ಅದರ ಸ್ಥಾನ ಏನೆಂದು ತಿಳಿಯುವುದಿಲ್ಲ.

ಸ್ಥಾನದ ಬಗ್ಗೆ ಏನಾದರೂ ಹೇಳುವ ಗುರುತು ಇದ್ದರೆ ಅದು ಕೇಸರದ ಬಣ್ಣ, ಅದು ಹುಟ್ಟಿನಿಂದ ಬರುವುದಲ್ಲ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಪೇಟನ್ ವೆಸ್ಟ್ ಮತ್ತು ಕ್ರೇಗ್ ಪ್ಯಾಕರ್ ಬೇರೆ ಬೇರೆ ಬಣ್ಣದ ಕೇಸರಗಳ ಬೊಂಬೆ ಸಿಂಹಗಳನ್ನು ಬಯಲಿನಲ್ಲಿ ನಿಲ್ಲಿಸಿ ನೋಡಿ, 2002ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಕಪ್ಪು ಕೇಸರದ ಬೊಂಬೆಯತ್ತ ಸಿಂಹಿಣಿಗಳು ಸುಳಿದವು, ಗಂಡುಗಳು ಅದರಿಂದ ದೂರ ಉಳಿದವು. ವಯಸ್ಸು ಬಲಿತು, ಹೊಟ್ಟೆತುಂಬ ಉಂಡು ಬೆಳೆದ ಗಂಡಿಗೆ ಕೇಸರ ಕಪ್ಪಾಗುತ್ತದೆ. ಆದರೆ ಅಂಥ ಸಿಂಹದ ಮೈ ಹೆಚ್ಚು ಕಾಯುತ್ತದೆ, ಬಿಸಿಲುಗಾಲದಲ್ಲಿ ಅದು ತಿನ್ನುವುದೂ ಕಡಿಮೆಯಾಗುತ್ತದೆ. ಬೆಳೆದು ಪಡೆಯುವ, ಪಡೆದದ್ದಕ್ಕೆ ಬೆಲೆ ತೆರಬೇಕಾದ ಇಂಥ ಗುರುತಿಗಿಂತ ಒಳ್ಳೆಯ ಸಾಮಗ್ರಿ ಮಾಂತ್ರಿಕ ಕಥೆಗೆ ಬೇರೆ ಬೇಕೆ?

ಸಿಂಹದ ಭುಜದಲ್ಲಿ ವಿಶೇಷ ಗುರುತನ್ನು ಕಾಣುವುದು ಬಹಳ ಹಳೆಯ ರೂಢಿಯೇ. ಪ್ರಾಚೀನ ಈಜಿಪ್ಟ್ ಮತ್ತು ಪಶ್ಚಿಮ ಏಷ್ಯಾದ ಸಿಂಹಗಳ ಭುಜದಲ್ಲಿ ಶಿಲ್ಪಿಗಳು ನಕ್ಷತ್ರದಂಥ, ಹೂವಿನಂಥ ಆಕೃತಿ ಬಿಡಿಸಿದ್ದಾರೆ. ನಿಜವಾದ ಸಿಂಹದ ಭುಜದಲ್ಲಿ ಕಾಣುವ ಕೂದಲ ಸುಳಿಯೇ ಅದರ ಮೂಲವಿರಬಹುದೆಂದು ಪಳೆಯುಳಿಕೆ ತಜ್ಞೆ ಡೊರೊಥಿಯಾ ಬೇಟ್ 1950ರಲ್ಲಿ ತೋರಿಸಿದರು. ಆದರೆ ಸುಳಿಯಲ್ಲಿ ಭವಿಷ್ಯ ಓದುವ ಅಭ್ಯಾಸ ನಮ್ಮಲ್ಲೂ ಇದೆ, ಅದರ ಫಲವನ್ನು ನಾವು ಕಣ್ಣಾರೆ ಕಂಡಿದ್ದೇವೆ. ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡಿದವರು ಆಮೇಲೆ ಹಣೆ, ಬೆನ್ನು ಸವರಿ ಸುಳಿ ನೋಡುತ್ತಾರೆ. ಸುಳಿ ಬೀಳಬಾರದ ಕಡೆ ಬಿದ್ದಿದ್ದರೆ, ನೇಗಿಲಿಗೂ ಗಾಡಿಗೂ ಚೆನ್ನಾಗಿ ಪಳಗಿದ ಎತ್ತನ್ನೂ "ಮನೆಗೆ ಆಗಿಬರುವುದಿಲ್ಲ" ಎಂದು ಬಿಟ್ಟು ಹೋಗುತ್ತಾರೆ, ಇಲ್ಲವೇ ಸಿಕ್ಕಷ್ಟು ಬೆಲೆ ಮುರಿಯುತ್ತಾರೆ. ದನವನ್ನಷ್ಟೇ ಅಲ್ಲ, ಮಕ್ಕಳ ನೆತ್ತಿಯ ಸುಳಿಯನ್ನೂ ಎಣಿಸಿ ಮಾತಾಡುವವರಿದ್ದಾರೆ. ಹುಟ್ಟನ್ನು ನೋಡಿ ಪಂಕ್ತಿ ಬೇರೆ ಮಾಡಿದ ನಾಡಿನಲ್ಲಿ, ಹತ್ತು ವರ್ಷದ ಓದುಗರಿಗಾಗಿ ಕಟ್ಟುವ ಕಾಡಿನಲ್ಲಿಯೂ ಅದೇ ಪಂಕ್ತಿ ಹಾಕಬೇಕಾಗಿಲ್ಲ.

ಧಾರಾವಾಹಿ ಇನ್ನೂ ಮುಗಿದಿಲ್ಲವಾದ್ದರಿಂದ ಲೇಖಕರಲ್ಲಿ ನನ್ನದೊಂದು ವಿನಂತಿ. ಮಾಂತ್ರಿಕ ಗುರುತುಗಳನ್ನು ಅಳಿಸಿಹಾಕಿ ಎಂದು ನಾನು ಕೇಳುತ್ತಿಲ್ಲ. ಮಕ್ಕಳಿಗೆ ಅವು ಬೇಕು, ನನಗೂ ಬೇಕು. ಬರಗಾಲದಲ್ಲಿ ತನ್ನದಲ್ಲದ ಮರಿಗೆ ಹಾಲೂಡಿಸಿದ ಸಿಂಹಿಣಿಯ ಮೈಮೇಲೆ ಹೊಸ ಗುರುತು ಮೂಡಲಿ, ಶಕ್ತಿಯನ್ನು ದುರುಪಯೋಗ ಮಾಡಿಕೊಂಡ ರಾಜನ ಅರ್ಧಚಂದ್ರ ಮಾಸಲಿ. ಗುರುತಿಲ್ಲದ ಒಂದು ಕಿರಿಯ ಮರಿಯ ಹೊಟ್ಟೆಯಡಿಯಲ್ಲಿ ಎಲ್ಲರದಕ್ಕಿಂತ ದೊಡ್ಡ ಗುರುತು ಅಡಗಿತ್ತೆಂದು ಕೊನೆಯ ಕಂತಿನಲ್ಲಿ ತೋರಿಸಿ ಮಾತ್ರ ಕಥೆ ಮುಗಿಸಬೇಡಿ. ಹಾಗೆ ಮುಗಿಸಿದರೆ ಗೆಲ್ಲುವುದು ಅದೊಂದೇ ಮರಿ. ಉಳಿದವು ಗವಿ ಕಾಯುತ್ತಲೇ ಇರಬೇಕಾಗುತ್ತದೆ. ಸಂಪಾದಕರಾದ ತಾವು ಮುಂದಿನ ಕಂತಿನ ಪಕ್ಕದಲ್ಲಿ ನಿಜವಾದ ಎರಡು ಸಿಂಹಗಳ ಕೆನ್ನೆಯ ಚಿತ್ರಗಳನ್ನು ಸ್ವಲ್ಪ ದೊಡ್ಡದಾಗಿಯೇ ಮುದ್ರಿಸಿದರೆ, ಮೀಸೆಯ ಚುಕ್ಕೆಗಳನ್ನು ಹೋಲಿಸಿ ನೋಡುವುದನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಶಿಕ್ಷಕಿ, ಹಾಸನ ಜಿಲ್ಲೆ