ಹೊಸ ಕೇಸಿಗೆ ಹಳೇ ವಾಲ್‌ನಟ್ ಬಣ್ಣ: ಕೈಜೋಡಿಸಿದವರಿಗೆಲ್ಲ ನಮಸ್ಕಾರ

ಎಆರ್-3ಎ ಸ್ಪೀಕರ್ ಜೋಡಿಗೆ ಒಪ್ಪುವ ಆಂಪ್ಲಿಫೈಯರ್ ಕೇಸು ಅಂತೂ ಮುಗಿಯಿತು. ಸ್ಪೀಕರ್ 1967ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಮಾದರಿ, ಎಣ್ಣೆ ಹಚ್ಚಿದ ವಾಲ್‌ನಟ್ ಮರದ ಮೈ. ಪಕ್ಕದಲ್ಲಿಟ್ಟರೆ ಒಂದೇ ಮನೆಯ ಸಾಮಾನು ಅನ್ನಿಸಬೇಕು, ಇಷ್ಟೇ ಬೇಕಿದ್ದದ್ದು.

ಮೊದಲ ನಮಸ್ಕಾರ ಮೈಸೂರು ರಸ್ತೆ ಟಿಂಬರ್ ಯಾರ್ಡ್‌ನ ವಿನೀರ್ (ಪ್ಲೈ ಮೇಲೆ ಅಂಟಿಸುವ ತೆಳು ಮರದ ಹಾಳೆ) ಅಂಗಡಿಯವರಿಗೆ. ಎಷ್ಟೋ ಮರಗಳು ಬೆಳಕಿಗೆ ಕಪ್ಪೇರುತ್ತವೆ, ವಾಲ್‌ನಟ್ ಮಾತ್ರ ಬಣ್ಣ ಇಳಿದು ಜೇನಿನ ಕಡೆಗೆ ವಾಲುತ್ತದೆ. ಅದಕ್ಕೇ ಹೊಸ ಹಾಳೆ ಹಳೇ ಸ್ಪೀಕರ್ ಎದುರು ಕಪ್ಪಾಗಿ ಕಾಣುವುದು. ಟ್ಯೂಬ್‌ಲೈಟ್ ಕೆಳಗೆ ಆರಿಸಲು ಅವರು ಬಿಡಲಿಲ್ಲ. ಐದು ತುಂಡು ಕತ್ತರಿಸಿಕೊಟ್ಟು, ಎಣ್ಣೆ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ ಅಂದರು. ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಬಳಿದು ಹೊಂದಿಸುವ ಆಸೆ ಅಲ್ಲಿಗೇ ಬಿಟ್ಟೆವು: ಕೆಲವು ವರ್ಷಕ್ಕೆ ಒಳಗಿನ ಮರ ತಿಳಿಯಾಗುತ್ತದೆ, ಸ್ಟೇನ್ ತನ್ನ ದಾರಿ ಹಿಡಿಯುತ್ತದೆ. ತಿಳಿ ಹಾಳೆ, ಮೇಲೆ ಬರೀ ಎಣ್ಣೆ. ಮೆಲಮೈನ್ ಪಾಲಿಶ್ ಹೊಳಪು ಈ ಸ್ಪೀಕರ್ ಪಕ್ಕ ಪ್ಲಾಸ್ಟಿಕ್ ಥರ ಕಾಣುತ್ತದೆ.

ಆಚಾರ್ರಿಗೆ ಎಷ್ಟು ಹೇಳಿದರೂ ಕಡಿಮೆಯೇ. 12 ಎಂಎಂ ಮೆರೈನ್ ಪ್ಲೈ. ಒಂದೇ ಹಾಳೆಯಿಂದ ಎಡಮಗ್ಗುಲು, ಮೇಲ್ಭಾಗ, ಬಲಮಗ್ಗುಲು ಸಾಲಾಗಿ ಕತ್ತರಿಸಿ 45 ಡಿಗ್ರಿಗೆ ಮೂಲೆ ಕೂಡಿಸಿದರು. ಎಳೆ ಎಡಕ್ಕೆ ಹತ್ತಿ ಬಲಕ್ಕೆ ಇಳಿಯುತ್ತದೆ, ಎಲ್ಲೂ ತುಂಡಾಗಿಲ್ಲ. ವಿನೀರಿನ ದಪ್ಪ ಅರ್ಧ ಎಂಎಂ ಮಾತ್ರ, ಅಂಚಿನಲ್ಲಿ ಸ್ಯಾಂಡ್‌ಪೇಪರ್ ಎರಡು ಸಲ ಹೆಚ್ಚು ಎಳೆದರೆ ಪ್ಲೈ ಇಣುಕುತ್ತದೆ. ರಬ್ಬರ್ ಅಂಟು ಬೇಡವೇ ಬೇಡ ಅಂತ ಹಟ ಹಿಡಿದವರೂ ಅವರೇ. ಆಂಪ್ಲಿಫೈಯರ್ ಬಿಸಿಗೆ ಅದು ಮೆತ್ತಗಾಗಿ ಮೇಲೆ ಗುಳ್ಳೆ ಏಳುತ್ತದಂತೆ. ಬಿಳಿ ಫೆವಿಕಾಲ್, ರಾತ್ರಿಯಿಡೀ ಕ್ಲಾಂಪ್. ಒಳಮೈಗೂ ಅಗ್ಗದ ವಿನೀರ್ ಅಂಟಿಸಿದರು, ಇಲ್ಲದಿದ್ದರೆ ಮಳೆಗಾಲದಲ್ಲಿ ಹಲಗೆ ಹಪ್ಪಳದ ಹಾಗೆ ಬಾಗುತ್ತದೆ.

ಪೀಣ್ಯದಲ್ಲಿ ಒಳಗಿನ ಅಲ್ಯೂಮಿನಿಯಂ ಚಾಸಿಸ್ (ಭಾಗಗಳನ್ನು ಕೂರಿಸುವ ಲೋಹದ ಚೌಕಟ್ಟು) ಬಾಗಿಸಿಕೊಟ್ಟವರಿಗೆ ಧನ್ಯವಾದ. ಅಲ್ಯೂಮಿನಿಯಂ ಮೇಲಿನ ಆನೋಡೈಸ್ ರಕ್ಷಣಾ ಪದರ ಕರೆಂಟ್ ಹರಿಯಗೊಡುವುದಿಲ್ಲ. ಅರ್ತ್ ಸ್ಕ್ರೂ ಕೂರುವ ಜಾಗ ಕೆರೆದು ಬರಿಲೋಹ ಮಾಡಿ, ಮೀಟರ್ ಇಟ್ಟು ತೋರಿಸಿಯೇ ಕೈಗೆ ಕೊಟ್ಟರು.

ಎಸ್‌ಪಿ ರೋಡಿನ ಅಂಗಡಿಯ ಹಿರಿಯರು ನಕ್ಷೆ ನೋಡಿ ಎರಡು ತಪ್ಪು ಹಿಡಿದರು. ಟೊರಾಯ್ಡ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರಿನ ನಡುಬೋಲ್ಟು ಉದ್ದವಾಗಿ ತಗಡಿನ ಮುಚ್ಚಳಕ್ಕೆ ತಾಗುವಂತಿತ್ತು. ತಳ, ಬೋಲ್ಟು, ಮುಚ್ಚಳ ಸೇರಿದರೆ ಅದೇ ಟ್ರಾನ್ಸ್‌ಫಾರ್ಮರಿಗೆ ಶಾರ್ಟ್ ಆದ ಒಂದು ತಂತಿಸುತ್ತು ಇದ್ದ ಹಾಗೆ, ಸ್ವಿಚ್ ಹಾಕಿದ ಕ್ಷಣವೇ ಫ್ಯೂಸ್ ಢಂ. ಈಗ ನಡುವೆ 10 ಎಂಎಂ ಬಿಟ್ಟಿದ್ದೇವೆ. ಎರಡನೆಯದು ಗಾಳಿ. ಎಆರ್-3ಎ 4 ಓಮ್ ಸ್ಪೀಕರ್, ಅಂದರೆ ಹೆಚ್ಚು ಕರೆಂಟ್ ಎಳೆಯುತ್ತದೆ, ಮೇಲಾಗಿ ಪವರ್ ಬೇಡುವಂಥದ್ದು, ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ರೆಕ್ಕೆಗಳು) ಕಾಯುತ್ತದೆ. ಮೇಲೆ ಮಾತ್ರ ಸೀಳು ಇಟ್ಟರೆ ಗಾಳಿ ಒಳಗೆ ಬರುವುದೆಲ್ಲಿಂದ? ಹೀಟ್‌ಸಿಂಕ್ ಅಡಿಗೂ ಅಷ್ಟೇ ಸೀಳು, 20 ಎಂಎಂ ಎತ್ತರದ ಕಾಲು.

ಕೊನೆಗೆ, ಆಚಾರ್ರ ಜೊತೆಗಿರುವ ಹುಡುಗನಿಗೆ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದುರಿ ಬಿದ್ದಿದ್ದರೆ ಒಣಗುವಾಗ ಒಳಗೇ ಕಾವು ಕೂಡಿ ತಾನಾಗಿ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಸಂಜೆ ಎಲ್ಲರೂ ಕೇಸು ನೋಡುತ್ತ ನಿಂತಿದ್ದಾಗ, ಅವನೊಬ್ಬ ಆ ಬಟ್ಟೆಗಳನ್ನೆಲ್ಲ ಹೊರಗೆ ತಂತಿಯ ಮೇಲೆ ಬಿಡಿಬಿಡಿಯಾಗಿ ಹರವಿ ಬಂದ.