ಕಿನ್ನಾಳದ ಓಣಿಗೆ ಒಂದು ಥ್ಯಾಂಕ್ಸ್

ನಿನ್ನೆ ಸಂಜೆ, ಕೊಪ್ಪಳದ ಹತ್ತಿರ ಮರದ ಗೊಂಬೆಗೆ ಹೆಸರಾದ ಕಿನ್ನಾಳದಲ್ಲಿ ನನ್ನ ಫೋಟೋ ಪ್ರದರ್ಶನ ಮುಗೀತು. ಪ್ರದರ್ಶನ ಅಂದ್ರೆ ಏನಿಲ್ಲ, ಗುಡಿ ಕಟ್ಟೆಯ ಪಕ್ಕ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ 40 ಫೋಟೋ ನೇತು ಹಾಕಿದ್ದೆವು. ಆರು ವರ್ಷದ ಕೆಲಸ. ಬೆಂಗಳೂರಿನಲ್ಲಿ ಮೊದಲು ತೋರಿಸು ಅಂದವರೇ ಜಾಸ್ತಿ. ಆದರೆ ಯಾರ ಕೈ ಫೋಟೋದಲ್ಲಿದೆಯೋ ಅವರೇ ಮೊದಲು ನೋಡಲಿ ಅಂತ ನನಗಿತ್ತು.

ಮೊದಲ ಥ್ಯಾಂಕ್ಸ್ ಗೊಂಬೆ ಮಾಡುವ ಚಿತ್ರಗಾರರ ಓಣಿಯ ಅಜ್ಜನಿಗೆ. ಶುರುವಿನಲ್ಲಿ ಕೊಪ್ಪಳದಿಂದ ಬೈಕ್ ಹತ್ತಿ ಹೋಗಿ ಸುಮ್ನೆ ಗೊಂಬೆಗೆ ಬಣ್ಣ ಹಚ್ಚುವುದನ್ನೇ ತೆಗೀತಿದ್ದೆ, ಚಂದ ಬರುತ್ತಲ್ಲ. ಹೊಟ್ಟೆಪಾಡಿಗೆ ನಾನು ಮದುವೆ ಫೋಟೋ ತೆಗೆಯುವವನು ಅಂತ ಅಜ್ಜನಿಗೆ ಗೊತ್ತಿತ್ತು. "ತಮ್ಮಾ, ಇಲ್ಲೂ ಬರೇ ಅಕ್ಕಿಕಾಳಿಗೆ ಬರ್ತಿ ನೋಡು. ಹಿಂದಿನ ಕೆಲಸ ಯಾರು ನೋಡ್ಬೇಕು?" ಅಂದರು. ಮರುದಿನ ಬೆಳಿಗ್ಗೆ ಆರಕ್ಕೇ ಹೋದೆ. ಹಗುರಾದ ಪೊಳಕಿ ಮರದ ತುಂಡು, ಹುಣಸೆ ಬೀಜ ನೆನೆಸಿ ಅರೆದ ಅಂಟು, ಅದಕ್ಕೆ ಮರದ ಹೊಟ್ಟು ಸೇರಿಸಿ ನಾದಿದ ಕಿಟ್ಟ. ಆ ಕಿಟ್ಟ ಅಜ್ಜನ ಬೆರಳ ಸಂದಿಯಲ್ಲಿ ಒಣಗಿ, ಬೇಸಿಗೆಯ ಕೆರೆಯ ಹಾಗೆ ಬಿರಿದಿತ್ತು. ನಿನ್ನೆ ಜನ ಜಾಸ್ತಿ ಹೊತ್ತು ನಿಂತಿದ್ದು ಆ ಫೋಟೋದ ಮುಂದೆಯೇ.

ಎರಡನೆಯದು ಅಲ್ಲಿನ ಒಬ್ಬ ಅವ್ವನಿಗೆ. ಗೊಂಬೆಗೆ ಹೊಳಪು ಹಚ್ಚುವ ಒಂದು ಫೋಟೋದ ಕೆಳಗೆ 'ಬಂಗಾರದ ಲೇಪ' ಅಂತ ಬರೆದಿದ್ದೆ, ದೊಡ್ಡದಾಗಿ. ಅವ್ವ ಮೊಮ್ಮಗಳ ಕೈಲಿ ಓದಿಸಿಕೊಂಡು ನಕ್ಕೇಬಿಟ್ಟರು. "ಬಂಗಾರ ಎಲ್ಲಿಂದ ಬಂತೋ ಯಪ್ಪಾ, ಅದು ತವರ!" ತವರವನ್ನು ಬಡಿದು ತೆಳ್ಳಗೆ ಮಾಡಿ, ಅಂಟಿನಲ್ಲಿ ಬೆರೆಸಿ, ಹಚ್ಚಿ ಉಜ್ಜಿದರೆ ಹೊಳಪು ಬರೋದು, ಅದೇ ಲಾಜವಾರ. ಆರು ವರ್ಷ ನೋಡಿಯೂ ಬರೆಯುವಾಗ ಕೇಳದೆ ಬರೆದಿದ್ದೆ. ಅಲ್ಲೇ ಪೆನ್ ತಗೊಂಡು ತಿದ್ದಿದೆ, ಎಲ್ಲರ ಎದುರಿಗೇ.

ಹೋದ ವರ್ಷ ಹಾರ್ಡ್ ಡಿಸ್ಕ್ ಕೈಕೊಟ್ಟು ಎರಡು ವರ್ಷದ ಫೋಟೋ ಹೋದವು ಅಂತ ಕೂತಿದ್ದಾಗ ಮೂರು ರಾತ್ರಿ ಕೂತು ಮುಕ್ಕಾಲು ಪಾಲು ವಾಪಸ್ ತೆಗೆದುಕೊಟ್ಟ ಗೆಳೆಯನಿಗೆ, ಆ ತಿಂಗಳು ಮದುವೆ ಆರ್ಡರ್ ಬಿಟ್ಟರೂ ಒಂದು ಮಾತು ಅನ್ನದ ನನ್ನ ಹೆಂಡತಿಗೆ ಏನು ಹೇಳಲಿ. ಅವಳಿಗೆ ಮನೇಲೇ ಹೇಳ್ತೀನಿ.

ಅಜ್ಜನ ಕೈಯ ಫೋಟೋ ಅವರ ಮೊಮ್ಮಗ ಕ್ಲಿಪ್ ಸಮೇತ ಕಿತ್ತುಕೊಂಡು ಹೋದ. ಹೋಗಲಿ, ಅದು ಅವರದ್ದೇ ಅಲ್ವಾ. ಓಣಿಯ ಮನೆಮನೆಯಿಂದ ತಂದ ಕ್ಲಿಪ್ಪುಗಳಲ್ಲಿ 11 ಇನ್ನೂ ನನ್ನ ಬ್ಯಾಗಿನಲ್ಲಿವೆ. ಭಾನುವಾರ ಬರ್ತೀನಿ, ಯಾರವು ಅಂತ ಗುರುತು ಹಿಡಿದು ತಗೊಳ್ಳಿ.